ಸಂದಿನ ವಸಡು ಉಳಿಸಿ ಮೂಳೆಗುಳಿ ತುಂಬಿಸುವುದು: ಕಡಿಮೆ ಕೊಯ್ತದ ವಸಡು ಶಸ್ತ್ರಚಿಕಿತ್ಸೆ

(ದಂತವೈದ್ಯರು, ಇಂಟರ್ನ್‌ಗಳು ಮತ್ತು ವಸಡಿನ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವವರನ್ನು ಒಟ್ಟಿಗೆ ಕೂರಿಸಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಡಿಮೆ ಕೊಯ್ತದ ಶಸ್ತ್ರಚಿಕಿತ್ಸೆ ಎಂದ ಕೂಡಲೇ ಸಣ್ಣ ಗಾಯ, ಕಡಿಮೆ ನೋವು, ಒಂದೆರಡು ಹೊಲಿಗೆ ಎಂದು ನೆನಪಾಗುತ್ತದೆ. ಅದು ಸುಳ್ಳಲ್ಲ. ಆದರೆ ವಸಡಿನ ವಿಷಯದಲ್ಲಿ ಈ ವಿಧಾನಗಳು ಬೆಳೆದದ್ದು ನೋವು ತಗ್ಗಿಸುವ ಉದ್ದೇಶದಿಂದ ಅಷ್ಟಾಗಿ ಅಲ್ಲ. ಎರಡು ಹಲ್ಲುಗಳ ನಡುವೆ ತ್ರಿಕೋನದಂತೆ ಕೂತಿರುವ ಸಂದಿನ ವಸಡು, ಅಂದರೆ ವೈದ್ಯರು ಪ್ಯಾಪಿಲ್ಲಾ ಎನ್ನುವ ಭಾಗ, ಶಸ್ತ್ರಚಿಕಿತ್ಸೆಯ ನಂತರವೂ ಜೀವಂತವಾಗಿ, ಅಲುಗದೆ, ಬಿರಿಯದೆ ಉಳಿಯಬೇಕು. ಅದರ ಕೆಳಗೆ ಕಟ್ಟಿಕೊಂಡ ರಕ್ತದ ಹೆಪ್ಪು ಕದಲದೆ ಇರಬೇಕು. ಕಳೆದುಹೋದ ಮೂಳೆ ಮತ್ತೆ ಬೆಳೆಯುವುದು ಈ ಎರಡರ ಮೇಲೆ ನಿಂತಿದೆ. ಕೊಯ್ತ ಸಣ್ಣದಾದದ್ದು ಇದಕ್ಕಾಗಿ. ಇವತ್ತು ಹೇಳುವ ವಿವರಗಳೆಲ್ಲ ಈ ಒಂದು ಮಾತಿನ ಸುತ್ತಲೇ ಬರುತ್ತವೆ.

ಮೊದಲು ಯಾರಿಗೆ ಇದು ಬೇಕು ಎಂಬುದು. ಆರೋಗ್ಯವಾಗಿರುವ ವಸಡಿನಂಚಿಗೂ ಹಲ್ಲಿಗೂ ನಡುವಿನ ಬಿರುಕು 1ರಿಂದ 3 ಮಿಲಿಮೀಟರ್ ಆಳವಿರುತ್ತದೆ. ಹಲ್ಲಿನ ಪಾಚಿ, ಗಟ್ಟಿಯಾದ ಕಲ್ಲು, ಅದರಿಂದ ಉರಿಯೂತ, ಅದರಿಂದ ಮೂಳೆಯ ಸವೆತ, ಹೀಗೆ ಈ ಬಿರುಕು ಪಾಕೆಟ್ ಆಗುತ್ತದೆ. ಮೂಳೆ ಎರಡು ರೀತಿಯಲ್ಲಿ ಇಳಿಯುತ್ತದೆ. ಸಾಲಿನುದ್ದಕ್ಕೂ ಸಮವಾಗಿ ಇಳಿದರೆ ಅದನ್ನು ಮತ್ತೆ ಎತ್ತರಿಸಲು ಈ ವಿಧಾನದಿಂದ ಆಗುವುದಿಲ್ಲ. ಒಂದು ಹಲ್ಲಿನ ಬೇರಿನ ಪಕ್ಕದಲ್ಲಿ ಮಾತ್ರ ಮೂಳೆಯೊಳಗೆ ಇಳಿಜಾರಾದ ಗುಳಿ ಬಿದ್ದಿದ್ದರೆ, ಆ ಗುಳಿ ಕನಿಷ್ಠ 3 ಮಿ.ಮೀ. ಆಳವಿದ್ದರೆ, ಅಲ್ಲಿ ಮೂಳೆ ಮತ್ತು ಬೇರನ್ನು ಹಿಡಿಯುವ ನಾರು ಮರಳಿ ಬೆಳೆಯುವ ಸಾಧ್ಯತೆ ಇದೆ. ಇವತ್ತಿನ ಮಾತು ಹೆಚ್ಚಾಗಿ ಈ ಮೂಳೆಗುಳಿಯ ಬಗ್ಗೆ. ವಸಡು ಇಳಿದು ಬೇರು ಕಾಣುವ ತೊಂದರೆಗೆ ಕೊನೆಯಲ್ಲಿ ಬರುತ್ತೇವೆ.

ಪಾಕೆಟ್ ಕಂಡ ಕೂಡಲೇ ಬ್ಲೇಡ್ ಹಿಡಿಯುವಂತಿಲ್ಲ. ಯುರೋಪಿನ ವಸಡು ತಜ್ಞರ ಒಕ್ಕೂಟ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಕ್ರಮ ಸರಳವಾಗಿದೆ: ಮೊದಲು ಹಲ್ಲುಜ್ಜುವ ಕ್ರಮ ಸರಿಪಡಿಸುವುದು, ತಂಬಾಕು ಬಿಡಿಸುವುದು, ಸಕ್ಕರೆ ಕಾಯಿಲೆ ಹತೋಟಿಗೆ ತರುವುದು, ಆಮೇಲೆ ವಸಡಿನ ಕೆಳಗಿನ ಕಲ್ಲು ತೆಗೆದು ಬೇರು ಶುಚಿ ಮಾಡುವುದು, ಸುಮಾರು ಮೂರು ತಿಂಗಳ ನಂತರ ಮತ್ತೆ ಅಳೆಯುವುದು. 4–5 ಮಿ.ಮೀ. ಪಾಕೆಟ್ ಉಳಿದಿದ್ದರೆ ಮತ್ತೊಮ್ಮೆ ಒಳಶುಚಿ ಸಾಕು. 6 ಮಿ.ಮೀ. ಅಥವಾ ಹೆಚ್ಚು ಉಳಿದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಈ ಮೂರು ತಿಂಗಳನ್ನು ದಾಟಿಸಿಬಿಡುವ ಆತುರ ಬಹಳ ಕಡೆ ಕಾಣುತ್ತದೆ. ಕಾಯುವುದರಿಂದ ಎರಡು ಲಾಭ: ಕೆಲವು ಪಾಕೆಟ್‌ಗಳು ತಾವೇ ಮುಚ್ಚಿಕೊಳ್ಳುತ್ತವೆ, ಮುಚ್ಚದವುಗಳ ಮೇಲಿನ ವಸಡಾದರೂ ಗಟ್ಟಿಯಾಗುತ್ತದೆ. ಊದಿದ, ಮುಟ್ಟಿದರೆ ರಕ್ತ ಬರುವ ಸಂದಿನ ವಸಡಿಗೆ ಸಣ್ಣ ಹೊಲಿಗೆ ಹಾಕಿದರೆ ದಾರ ಅದನ್ನು ಸೀಳಿಕೊಂಡು ಹೋಗುತ್ತದೆ. ಆದ್ದರಿಂದ ಇಡೀ ಬಾಯಲ್ಲಿ ಪಾಚಿ ಇರುವ ಜಾಗ ಮತ್ತು ರಕ್ತ ಒಸರುವ ಜಾಗ ಎರಡೂ ನೂರಕ್ಕೆ 20ಕ್ಕಿಂತ ಕೆಳಗೆ ಬರುವವರೆಗೆ ದಿನಾಂಕ ಕೊಡಬಾರದು.

ದೊಡ್ಡ ಫ್ಲ್ಯಾಪ್ ಏಕೆ ಸಾಲದಾಯಿತು?

ಹಳೆಯ ಪದ್ಧತಿಯಲ್ಲಿ ಒಂದು ಗುಳಿಗಾಗಿ ಐದಾರು ಹಲ್ಲುಗಳ ವಸಡನ್ನು ಎರಡೂ ಬದಿಯಿಂದ ಬಿಡಿಸಿ ಎತ್ತುತ್ತಿದ್ದರು. ಹೀಗೆ ಎತ್ತಿದ ವಸಡಿನ ಪದರವೇ ಫ್ಲ್ಯಾಪ್. ಸಂದಿನ ವಸಡನ್ನು ನಡುವೆ ಸೀಳಿ ಅರ್ಧ ಕೆನ್ನೆ ಬದಿಗೆ, ಅರ್ಧ ನಾಲಿಗೆ ಬದಿಗೆ ಹೋಗುವಂತೆ ಮಾಡುತ್ತಿದ್ದರು. ಮುಗಿದ ಮೇಲೆ 3-0 ಕಪ್ಪು ರೇಷ್ಮೆ ದಾರ (ಸೊನ್ನೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ದಾರ ತೆಳು). ಗುಳಿಯ ಒಳಗೆಲ್ಲ ಚೆನ್ನಾಗಿ ಕಾಣುತ್ತದೆ, ಕೈ ಆಡುತ್ತದೆ, ಶುಚಿಯೂ ಆಗುತ್ತದೆ. ತೊಂದರೆ ಶುರುವಾಗುವುದು ಮುಚ್ಚುವಾಗ. ಸೀಳಿದ ತುಂಡುಗಳಿಗೆ ರಕ್ತ ಕಡಿಮೆ, ತುದಿ ಸಾಯುತ್ತದೆ, ವಾರದೊಳಗೆ ಸಂದು ಬಿರಿಯುತ್ತದೆ. ರೇಷ್ಮೆ ಹಲವು ಎಳೆ ಹೆಣೆದ ದಾರವಾದ್ದರಿಂದ ಎಳೆಗಳ ನಡುವೆ ಜೊಲ್ಲನ್ನೂ ಸೂಕ್ಷ್ಮಾಣುಗಳನ್ನೂ ಒಳಕ್ಕೆ ಹೀರುತ್ತದೆ. ಗುಳಿಯ ಮೇಲೆ ಪೊರೆ ಹಾಸಿದ್ದರೆ ಅದು ಹೊರಗೆ ಇಣುಕಿ ಸೋಂಕಾಗುತ್ತದೆ. ಗುಣವಾದ ಮೇಲೂ ಹಲ್ಲುಗಳ ನಡುವೆ ಕಪ್ಪು ತ್ರಿಕೋನ ಉಳಿದು, ಅನ್ನದಗುಳು ಸಿಕ್ಕಿಕೊಳ್ಳುತ್ತದೆ, ತಣ್ಣೀರು ಕುಡಿದರೆ ಜುಂ ಎನ್ನುತ್ತದೆ.

ಸಂದು ಬಿರಿದರೆ ಮೂಳೆ ಏಕೆ ಬೆಳೆಯುವುದಿಲ್ಲ? ಗಾಯವನ್ನು ಮೊದಲು ತಲುಪುವ ಕೋಶ ಯಾವುದೋ ಅದರಂತೆ ಗಾಯ ಮಾಯುತ್ತದೆ ಎಂದು 1976ರಲ್ಲಿ ಮೆಲ್ಚರ್ ವಿವರಿಸಿದರು. ವಸಡಿನ ಮೇಲ್ಪದರದ ಕೋಶಗಳು ಎಲ್ಲಕ್ಕಿಂತ ವೇಗವಾಗಿ ಚಲಿಸುತ್ತವೆ. ಅವು ಬೇರಿನುದ್ದಕ್ಕೂ ಇಳಿದುಬಿಟ್ಟರೆ ಪಾಕೆಟ್ ಮುಚ್ಚಿದಂತೆ ಕಂಡರೂ ನಡುವೆ ಮೂಳೆಯೂ ನಾರೂ ಇರುವುದಿಲ್ಲ. ಅವನ್ನು ತಡೆಯುವುದು ಬೇರಿಗೆ ಅಂಟಿ ನಿಂತ ರಕ್ತದ ಹೆಪ್ಪು. 1990ರಲ್ಲಿ ವಿಕೆಶೋ ಮತ್ತು ನಿಲ್ವೇಯುಸ್ ನಾಯಿಗಳಲ್ಲಿ ಮಾಡಿದ ಪ್ರಯೋಗ ಇದನ್ನು ಸ್ಪಷ್ಟಪಡಿಸಿತು: ಬೇರಿಗೆ ಹೆಪರಿನ್ ಸವರಿ ಹೆಪ್ಪು ಅಂಟದಂತೆ ಮಾಡಿದಾಗ, ನಾರು ಕೂಡುವ ಬದಲು ಮೇಲ್ಪದರ ಉದ್ದಕ್ಕೆ ಇಳಿಯಿತು. ಅಂದರೆ ಔಷಧಿ, ಪುಡಿ, ಪೊರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಲುಗದ ಹೆಪ್ಪು ಮತ್ತು ಅದರ ಮೇಲೆ ಕುಸಿಯದ ಚಾವಣಿ. ಆ ಚಾವಣಿಯೇ ಸಂದಿನ ವಸಡು.

ಈ ತಿಳಿವಳಿಕೆ ಒಂದೇ ಸಲಕ್ಕೆ ಬಂದದ್ದಲ್ಲ. 1985ರಲ್ಲಿ ಟಾಕೇಯಿ ಸಂದಿನ ವಸಡನ್ನು ಸೀಳದೆ ಇಡಿಯಾಗಿ ಒಂದು ಬದಿಗೆ ಮಗುಚುವ ಕೊಯ್ತ ತೋರಿಸಿದರು. ಇಟಲಿಯ ಕೊರ್ಟೆಲ್ಲಿನಿ ಮತ್ತು ಸಂಗಡಿಗರು 1995ರಲ್ಲಿ ಅಗಲವಾದ ಸಂದಿಗೆ, 1999ರಲ್ಲಿ ಇಕ್ಕಟ್ಟಾದ ಸಂದಿಗೆ ಅದನ್ನು ಹೊಂದಿಸಿದರು. ಅಮೆರಿಕದಲ್ಲಿ ಹ್ಯಾರೆಲ್ ಮತ್ತು ರೀಸ್ 1995ರಲ್ಲೇ ವಸಡಿಗೆ ಕಡಿಮೆ ಕೊಯ್ತದ ಶಸ್ತ್ರಚಿಕಿತ್ಸೆಯನ್ನು ವಿವರಿಸಿದ್ದರು. ಅದೇ ದಶಕದಲ್ಲಿ ಶಾನೆಲೆಕ್ ಮತ್ತು ಟಿಬೆಟ್ಸ್ ಮೈಕ್ರೋಸ್ಕೋಪನ್ನು ವಸಡಿನ ಕೆಲಸಕ್ಕೆ ತಂದರು. ಈ ಎಳೆಗಳೆಲ್ಲ ಕೂಡಿ 2007ರಲ್ಲಿ ಕೊರ್ಟೆಲ್ಲಿನಿ ಮತ್ತು ಟೊನೆಟ್ಟಿಯವರ ಮಿಸ್ಟ್ (ಕಡಿಮೆ ಕೊಯ್ತದ ಶಸ್ತ್ರಚಿಕಿತ್ಸಾ ವಿಧಾನ ಎಂಬುದರ ಇಂಗ್ಲಿಷ್ ಚುಟುಕು), 2009ರಲ್ಲಿ ಅದರ ಇನ್ನೂ ಸಣ್ಣ ರೂಪವಾದ ಎಂ-ಮಿಸ್ಟ್ ಬಂದವು. ಇಟಲಿಯ ಫೆರಾರಾದ ಟ್ರಾಂಬೆಲ್ಲಿ ತಂಡದ ಒಂದೇ ಬದಿಯ ಫ್ಲ್ಯಾಪ್ ಕೂಡ ಇದೇ ಕಾಲದ್ದು.

2011ರ ಒಂದು ಅಧ್ಯಯನವನ್ನು ಇಲ್ಲಿ ಹೇಳಲೇಬೇಕು. ಕೊರ್ಟೆಲ್ಲಿನಿ ಮತ್ತು ಟೊನೆಟ್ಟಿ 45 ಜನರನ್ನು ಹದಿನೈದರಂತೆ ಮೂರು ಗುಂಪು ಮಾಡಿದರು. ಎಲ್ಲರಿಗೂ ಎಂ-ಮಿಸ್ಟ್. ಮೊದಲ ಗುಂಪಿಗೆ ಗುಳಿಯಲ್ಲಿ ಏನನ್ನೂ ಹಾಕಲಿಲ್ಲ. ಎರಡನೆಯದಕ್ಕೆ ಎನಾಮೆಲ್ ಮ್ಯಾಟ್ರಿಕ್ಸ್ ಪ್ರೋಟೀನಿನ ಜೆಲ್. ಮೂರನೆಯದಕ್ಕೆ ಜೆಲ್ ಜೊತೆಗೆ ಮೂಳೆಪುಡಿ. ವರ್ಷದ ನಂತರ ಹಲ್ಲಿಗೆ ಮರಳಿ ಸಿಕ್ಕ ಹಿಡಿತ ಕ್ರಮವಾಗಿ ಸರಾಸರಿ 4.1, 4.1 ಮತ್ತು 3.7 ಮಿ.ಮೀ. ಗುಂಪುಗಳ ನಡುವೆ ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಹದಿನೈದೇ ಜನರ ಗುಂಪಿನಲ್ಲಿ ಸಣ್ಣ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಕೈಯೂ ಬಹಳ ಪಳಗಿದ ಕೈ, ಆದ್ದರಿಂದ ಪುಡಿ-ಜೆಲ್ ಎಂದಿಗೂ ಬೇಡ ಎಂದು ಇದರಿಂದ ತೀರ್ಮಾನಿಸಲಾಗದು. ಆದರೆ ಚಾವಣಿ ಕೆಡದಿದ್ದರೆ ಬರೀ ರಕ್ತದ ಹೆಪ್ಪು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ದುಬಾರಿ ವಸ್ತು ಕೊಳ್ಳಲಾಗದ ರೋಗಿಗೂ ಒಳ್ಳೆಯ ಚಿಕಿತ್ಸೆ ಕೊಡಬಹುದು ಎಂಬ ಧೈರ್ಯವನ್ನು ಇದು ಕೊಡುತ್ತದೆ. ನಮ್ಮಲ್ಲಿ ಇದು ದೊಡ್ಡ ವಿಷಯ.

ಕೊಯ್ಯುವ ಮೊದಲು

ಗುಳಿಯ ಆಕಾರ ತಿಳಿಯದೆ ಸಣ್ಣ ಕೊಯ್ತ ಹಾಕುವುದು ಅಪಾಯ. ಪ್ರೋಬನ್ನು, ಅಂದರೆ ಪಾಕೆಟ್‌ನ ಆಳ ಅಳೆಯುವ ಗುರುತಿನ ಕಡ್ಡಿಯನ್ನು, 20–25 ಗ್ರಾಂ ಒತ್ತಡದಲ್ಲಿ, ಒಂದು ಹಲ್ಲಿಗೆ ಆರು ಕಡೆ ಇಳಿಸಿ. ಎಕ್ಸ್‌ರೇ ಪ್ಯಾರಲಲ್ ವಿಧಾನದಲ್ಲಿ, ಹೋಲ್ಡರ್ ಹಾಕಿಯೇ ತೆಗೆಯಿರಿ; ವರ್ಷದ ನಂತರ ಅದೇ ಕೋನದಲ್ಲಿ ಮತ್ತೊಂದು ತೆಗೆದು ಹೋಲಿಸಬೇಕಲ್ಲ. ಬೇರಿಗೂ ಗುಳಿಯ ಗೋಡೆಗೂ ನಡುವಿನ ಕೋನ 25 ಡಿಗ್ರಿಯೊಳಗಿದ್ದರೆ ಫಲ ಚೆನ್ನಾಗಿರುತ್ತದೆ. 37 ದಾಟಿದರೆ ಹೆಪ್ಪಿಗೆ ಆಸರೆ ಕಡಿಮೆ, ಅಂಥಲ್ಲಿ ಚಾವಣಿ ಕುಸಿಯದಂತೆ ಮೂಳೆಪುಡಿಯ ಆಧಾರ ಬೇಕಾಗಬಹುದು. ಅರಿವಳಿಕೆ ಕೊಟ್ಟ ಮೇಲೆ ಪ್ರೋಬನ್ನು ವಸಡಿನ ಮೂಲಕ ಮೂಳೆ ತಾಗುವವರೆಗೆ ಒತ್ತಿ ನೋಡಬೇಕು. ಗುಳಿ ಕೆನ್ನೆ ಬದಿಗಿದೆಯೇ, ಅಂಗುಳ ಅಥವಾ ನಾಲಿಗೆ ಬದಿಗೆ ಸುತ್ತಿಕೊಂಡಿದೆಯೇ ಎಂಬುದು ಆಗಲೇ ಖಚಿತವಾಗುತ್ತದೆ, ಯಾವ ಕೊಯ್ತ ಎಂಬುದೂ ಅಲ್ಲಿಯೇ ನಿರ್ಧಾರವಾಗುತ್ತದೆ.

ಹಲ್ಲಿನ ನರ ಬದುಕಿದೆಯೇ ಎಂದು ಪರೀಕ್ಷಿಸಿ. ಸತ್ತಿದ್ದರೆ ರೂಟ್ ಕೆನಾಲ್ ಮೊದಲು. ಹಲ್ಲು ಅಡ್ಡಕ್ಕೆ 1 ಮಿ.ಮೀ.ಗಿಂತ ಹೆಚ್ಚು ಅಲುಗಾಡುತ್ತಿದ್ದರೆ ಪಕ್ಕದ ಹಲ್ಲಿಗೆ ಸ್ಪ್ಲಿಂಟ್ ಕಟ್ಟಿ, ಕಚ್ಚಿದಾಗ ಎತ್ತರ ತಾಗುವುದನ್ನು ತೇಯ್ದು ಸರಿಪಡಿಸಿ. ಪ್ರತಿ ತುತ್ತಿಗೂ ಹಲ್ಲು ಅಲುಗಿದರೆ ಹೆಪ್ಪು ಎಲ್ಲಿ ನಿಲ್ಲಬೇಕು? ಬೀಡಿ, ಸಿಗರೇಟು ಸೇದುವವರಲ್ಲಿ ಫಲ ಕಡಿಮೆ, ಇದನ್ನು ಮುಚ್ಚಿಡದೆ ಹೇಳಬೇಕು. ಗುಟ್ಕಾ, ಅಡಿಕೆ ಜಗಿಯುವವರಲ್ಲಿ ಇನ್ನೊಂದು ತೊಡಕು: ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಹಿಂದಿನ ದವಡೆ ಹಲ್ಲಿನ ಹಿಂಬದಿಗೆ ಮೈಕ್ರೋಸ್ಕೋಪಿನ ನೋಟವಾಗಲಿ ಸಣ್ಣ ಉಪಕರಣವಾಗಲಿ ತಲುಪದೇ ಹೋಗಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯದ ವೈದ್ಯರನ್ನು ಕೇಳಿಯೇ ಮುಂದಿನ ಹೆಜ್ಜೆ.

ಉಪಕರಣಗಳ ಮಾತು ಚುಟುಕಾಗಿ. 2.5ರಿಂದ 3.5 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ಸ್, ಅದಕ್ಕೇ ಜೋಡಿಸಿದ ದೀಪ, ಇಷ್ಟು ಆರಂಭಕ್ಕೆ ಸಾಕು. ದೀಪವಿಲ್ಲದ ಲೂಪ್ಸ್ ಅರ್ಧ ಉಪಯೋಗ. ಸಣ್ಣ ಕಿಂಡಿಯೊಳಗೆ ಕುರ್ಚಿಯ ದೀಪದ ಬೆಳಕು ಇಳಿಯುವುದಿಲ್ಲ. 15ಸಿ ಬ್ಲೇಡ್ ಎಲ್ಲೆಡೆ ಸಿಗುತ್ತದೆ, ಇಕ್ಕಟ್ಟಾದ ಸಂದಿಗೆ ಮೈಕ್ರೋ ಬ್ಲೇಡ್ ಬೇಕು. ಸಣ್ಣ ಅಲಗಿನ ಕ್ಯುರೆಟ್ (ಕೆರೆದು ತೆಗೆಯುವ ಉಪಕರಣ), ಅಲ್ಟ್ರಾಸೋನಿಕ್‌ನ ತೆಳು ತುದಿ, ಚಿಕ್ಕ ನೀಡಲ್ ಹೋಲ್ಡರ್, 6-0 ಅಥವಾ 7-0ರ ಒಂದೇ ಎಳೆಯ ನೈಲಾನ್ ಇಲ್ಲವೇ ಪಾಲಿಪ್ರೊಪಿಲೀನ್ ದಾರ. ತೆಳು ದಾರಕ್ಕೆ ಒಂದು ಗುಣವಿದೆ: ಅತಿಯಾಗಿ ಎಳೆದರೆ ವಸಡು ಹರಿಯುವ ಮೊದಲು ದಾರವೇ ತುಂಡಾಗುತ್ತದೆ. 3-0ರಲ್ಲಿ ವಸಡು ಹರಿಯುತ್ತದೆ, ದಾರ ಉಳಿಯುತ್ತದೆ. ಕಲಿಯುವವರ ಕೈಯನ್ನು ಸರಿದಾರಿಗೆ ತರುವುದು ತೆಳು ದಾರವೇ.

ಶಸ್ತ್ರಚಿಕಿತ್ಸೆಯ ಹೆಜ್ಜೆಗಳು

ಅರಿವಳಿಕೆಗೆ ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು 2 ಶೇಕಡಾ ಲಿಗ್ನೊಕೇಯ್ನ್, 1:80,000 ಅಡ್ರಿನಲಿನ್ ಸೇರಿದ್ದು. ಇದನ್ನು ಸಂದಿನ ವಸಡಿನ ತುದಿಗೆ ಚುಚ್ಚಬೇಡಿ. ಅಡ್ರಿನಲಿನ್ ರಕ್ತನಾಳಗಳನ್ನು ಹಿಂಡುತ್ತದೆ. ಉಳಿಸಬೇಕೆಂದು ಹೊರಟ ತುದಿಗೇ ರಕ್ತ ನಿಲ್ಲಿಸಿದಂತಾಗುತ್ತದೆ. ಸೂಜಿ ದೂರದಲ್ಲಿ, ಕೆನ್ನೆ ಮಡಿಕೆಯಲ್ಲಿರಲಿ.

ಸಂದಿನ ಅಗಲ ಅಳೆಯಿರಿ. 2 ಮಿ.ಮೀ.ಗಿಂತ ಹೆಚ್ಚಿದ್ದರೆ ಕೆನ್ನೆ ಬದಿಯಲ್ಲಿ ಸಂದಿನ ವಸಡಿನ ಬುಡಕ್ಕೆ ಅಡ್ಡ ಕೊಯ್ತ. 2 ಅಥವಾ ಕಡಿಮೆಯಿದ್ದರೆ ಓರೆ ಕೊಯ್ತ: ಗುಳಿಯಿರುವ ಹಲ್ಲಿನ ಅಂಚಿನಿಂದ ಶುರುವಾಗಿ ಪಕ್ಕದ ಹಲ್ಲಿನ ಸಂಪರ್ಕ ಬಿಂದುವಿನ ಕೆಳಗೆ ಮುಗಿಯುತ್ತದೆ. ಆಮೇಲೆ ಎರಡೂ ಹಲ್ಲಿನ ವಸಡಿನ ಬಿರುಕಿನೊಳಗೆ ಬ್ಲೇಡ್ ಇಳಿಸಿ, ಹಲ್ಲಿನ ನಡುಭಾಗದ ಹತ್ತಿರ ನಿಲ್ಲಿಸಿ. ಲಂಬ ಕೊಯ್ತ ಬೇಡ. ಕೆನ್ನೆ ಬದಿಯ ವಸಡನ್ನು ಗುಳಿಯ ಅಂಚಿನ ಮೂಳೆ ಒಂದೆರಡು ಮಿಲಿಮೀಟರ್ ಕಾಣುವಷ್ಟು ಮಾತ್ರ ಬಿಡಿಸಿ.

ಇನ್ನು ಮುಂದೆ ದಾರಿ ಎರಡಾಗುತ್ತದೆ. ಮಿಸ್ಟ್‌ನಲ್ಲಿ ಸಂದಿನ ವಸಡನ್ನು ಇಡಿಯಾಗಿ ಬಿಡಿಸಿ ನಾಲಿಗೆ ಬದಿಗೆ ಮಗುಚುತ್ತೇವೆ. ಎಂ-ಮಿಸ್ಟ್‌ನಲ್ಲಿ ಅದನ್ನು ಮುಟ್ಟುವುದೇ ಇಲ್ಲ. ಅದು ಅಂಗುಳದ ಕಡೆಯ ವಸಡಿಗೂ ಪಕ್ಕದ ಹಲ್ಲಿನ ನಾರಿಗೂ ಅಂಟಿಕೊಂಡೇ ಇರುತ್ತದೆ. ಕೆನ್ನೆ ಬದಿಯ ಕಿಂಡಿಯೊಂದರಿಂದಲೇ ಎಲ್ಲ ಕೆಲಸ. ಮೈಕ್ರೋ ಬ್ಲೇಡನ್ನು ಬಹುಮಟ್ಟಿಗೆ ಅಡ್ಡಡ್ಡಕ್ಕೆ ಹಿಡಿದು, ಮೇಲಿನ ಒಳ್ಳೆಯ ವಸಡು ಮತ್ತು ಗುಳಿಯಲ್ಲಿ ತುಂಬಿದ ಕೆಂಪು ಮೆತ್ತನೆಯ ಗ್ರ್ಯಾನುಲೇಷನ್ ಮಾಂಸ ಇವೆರಡರ ನಡುವೆ ಕೊಯ್ದು, ಕೆಳಗಿನದನ್ನು ಸಣ್ಣ ಕ್ಯುರೆಟ್‌ನಿಂದ ತುಂಡಾಗಿ ತೆಗೆಯಬೇಕು. ಇಲ್ಲಿ ಬ್ಲೇಡ್ ಸ್ವಲ್ಪ ಮೇಲೆ ಹೋದರೆ ಚಾವಣಿ ತೆಳ್ಳಗಾಗುತ್ತದೆ, ಇನ್ನೂ ಮೇಲೆ ಹೋದರೆ ತೂತಾಗುತ್ತದೆ. ಅಲ್ಟ್ರಾಸೋನಿಕ್ ತುದಿಯಿಂದ ಬೇರನ್ನು ಉಜ್ಜಿ, ಕ್ಯುರೆಟ್‌ನಿಂದ ಒರೆದು, ಸಲೈನ್ ಹರಿಸಿ, ಲೂಪ್ಸ್‌ನಲ್ಲಿ ಮತ್ತೆ ನೋಡಿ. ಬೇರಿನ ಅಂಗುಳದ ಕಡೆಯ ಮೂಲೆಯಲ್ಲಿ ಉಳಿದುಬಿಡುವ ಕಲ್ಲೇ ಈ ಶಸ್ತ್ರಚಿಕಿತ್ಸೆ ಸೋಲಲು ದೊಡ್ಡ ಕಾರಣ. ಕಣ್ಣಿಗೆ ಕಾಣದಿದ್ದರೆ ಎಕ್ಸ್‌ಪ್ಲೋರರ್ ತುದಿಯಿಂದ ಸವರಿ ನುಣುಪು ಪರೀಕ್ಷಿಸಿ. ಇದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಡಿ.

ಮೂಲೆ ತಲುಪಲಿಲ್ಲವೇ? ಹಟ ಹಿಡಿಯಬೇಡಿ. ಎಂ-ಮಿಸ್ಟ್ ಎಂದು ಶುರು ಮಾಡಿದ್ದನ್ನು ಮಿಸ್ಟ್ ಮಾಡಿ, ಸಂದಿನ ವಸಡು ಎತ್ತಿ. ಅದೂ ಸಾಲದಿದ್ದರೆ ಪಕ್ಕದ ಹಲ್ಲಿಗೂ ಕೊಯ್ತ ಹಿಗ್ಗಿಸಿ. ಕೊಯ್ತ ಚಿಕ್ಕದಿದೆ ಎಂಬ ಸಮಾಧಾನಕ್ಕೆ ಬೇರಿನ ಮೇಲೆ ಕಲ್ಲು ಬಿಟ್ಟು ಮುಚ್ಚುವುದು ರೋಗಿಗೆ ಮಾಡುವ ಅನ್ಯಾಯ.

ಜೆಲ್ ಬಳಸುವುದಾದರೆ ಬೇರಿನ ಮೇಲ್ಮೈ ಶುಚಿಗೊಳಿಸಲು 24 ಶೇಕಡಾ ಇಡಿಟಿಎ ಜೆಲ್ ಎರಡು ನಿಮಿಷ, ಆಮೇಲೆ ಸಲೈನ್‌ನಿಂದ ಚೆನ್ನಾಗಿ ತೊಳೆಯುವುದು. ತೊಳೆದ ಬೇರಿಗೆ ರಕ್ತ ಅಥವಾ ಜೊಲ್ಲು ತಾಗುವ ಮೊದಲೇ ಪ್ರೋಟೀನ್ ಜೆಲ್ಲನ್ನು ಗುಳಿಯ ತಳದಿಂದ ಮೇಲಕ್ಕೆ ತುಂಬಬೇಕು. ರಕ್ತ ಮೊದಲು ಅಂಟಿದರೆ ಪ್ರೋಟೀನಿಗೆ ಬೇರು ಸಿಗುವುದಿಲ್ಲ. ಅದಕ್ಕೇ ಹೊಲಿಗೆ ದಾರವನ್ನು ಮೊದಲೇ ತೂರಿಸಿ, ಬಿಗಿಯದೆ ಸಡಿಲವಾಗಿ ಬಿಟ್ಟಿರಬೇಕು. ಮೂಳೆಪುಡಿ ಹಾಕುವುದಾದರೆ ಗುಳಿಯ ಅಂಚಿನವರೆಗೆ, ಒತ್ತದೆ. ದಿಬ್ಬ ಮಾಡಿದರೆ ವಸಡಿನಂಚುಗಳು ಕೂಡುವುದಿಲ್ಲ, ಕೂಡಿಸಿದರೂ ಬಿರಿಯುತ್ತವೆ.

ಒಪ್ಪಿಗೆ ಪಡೆಯುವಾಗ ವಸ್ತುವಿನ ಮೂಲ ಹೇಳಲೇಬೇಕು. ಎನಾಮೆಲ್ ಮ್ಯಾಟ್ರಿಕ್ಸ್ ಪ್ರೋಟೀನ್ ಹಂದಿಮರಿಗಳ ಬೆಳೆಯುತ್ತಿರುವ ಹಲ್ಲಿನಿಂದ ತೆಗೆದದ್ದು. ಹೆಚ್ಚು ಬಳಕೆಯ ಮೂಳೆಪುಡಿಗಳಲ್ಲಿ ಕೆಲವು ದನದ ಮೂಳೆಯಿಂದ, ಕೊಲಾಜೆನ್ ಪೊರೆಗಳು ಹಂದಿ ಅಥವಾ ದನದ ಅಂಗಾಂಶದಿಂದ ಬರುತ್ತವೆ. ಸಸ್ಯಾಹಾರಿಗಳಿಗೂ, ಧರ್ಮದ ಕಾರಣಕ್ಕೆ ಇವನ್ನು ಒಲ್ಲದವರಿಗೂ ಇದು ಸಣ್ಣ ವಿಷಯವಲ್ಲ. ಕೃತಕ ಪುಡಿ ಇದೆ, ರೋಗಿಯದೇ ರಕ್ತದಿಂದ ಮಾಡುವ ಪಿಆರ್‌ಎಫ್ (ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಹೆಪ್ಪು) ಇದೆ, ಏನೂ ಹಾಕದೆ ಮುಚ್ಚುವ ದಾರಿಯೂ ಇದೆ ಎಂದು ಹೇಳಿ, ಅವರೇ ಆರಿಸಲಿ.

ಹೊಲಿಗೆ ಒಂದೇ ಸಾಕು, ಅದು ಸರಿಯಾಗಿರಬೇಕು. ಸೂಜಿ ಕೆನ್ನೆ ಬದಿಯ ವಸಡಿನ ಬುಡದಿಂದ ಒಳಹೊಕ್ಕು ಸಂದಿನ ಕೆಳಗಿನಿಂದ ನಾಲಿಗೆ ಬದಿಗೆ ಹೊರಬರುತ್ತದೆ. ಅಲ್ಲೇ ಸ್ವಲ್ಪ ಪಕ್ಕದಲ್ಲಿ ಮತ್ತೆ ಚುಚ್ಚಿ ಕೆನ್ನೆ ಬದಿಗೆ ವಾಪಸ್. ನಾಲಿಗೆ ಬದಿಯಲ್ಲಿ ಉಳಿದ ಕುಣಿಕೆಯೊಳಗೆ ದಾರದ ತುದಿ ತೂರಿಸಿ, ಸಂದಿನ ವಸಡಿನ ಮೇಲಿಂದ ಕೆನ್ನೆ ಬದಿಗೆ ತಂದು ಗಂಟು. ಹೀಗೆ ಬುಡದ ಭಾಗ ಎಳೆತವನ್ನು ಹೊರುತ್ತದೆ, ತುದಿ ಬರೀ ಕೂಡಿಕೊಂಡಿರುತ್ತದೆ. ಗಂಟು ಹಾಕಿದ ಮೇಲೆ ವಸಡು ಬೆಳ್ಳಗಾದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಬಿಚ್ಚಿ ಮತ್ತೆ ಹಾಕಿ. ಸಲೈನಿನಲ್ಲಿ ಅದ್ದಿದ ಗಾಜ್‌ನಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಈ ಹಂತದಲ್ಲಿ ಸಕ್ಷನ್ ತುದಿಯನ್ನು ಕೊಯ್ತದ ಹತ್ತಿರ ತರಬಾರದು, ಹೆಪ್ಪನ್ನೇ ಎಳೆದುಬಿಡುತ್ತದೆ.

ಬೇರು ಕಂಡಾಗ: ಸುರಂಗ ವಿಧಾನ

ವಸಡು ಇಳಿದು ಬೇರು ಕಾಣುವ ತೊಂದರೆಯಲ್ಲೂ ತತ್ವ ಅದೇ. ಗಟ್ಟಿ ಬ್ರಶ್, ಇದ್ದಿಲು ಪುಡಿ, ಇಟ್ಟಿಗೆ ಪುಡಿಯಿಂದ ತಿಕ್ಕುವ ಅಭ್ಯಾಸವಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು, ಇಲ್ಲವಾದರೆ ಮುಚ್ಚಿದ್ದು ಮತ್ತೆ ಇಳಿಯುತ್ತದೆ. ಇಟಲಿಯ ವಸಡು ತಜ್ಞ ಕೈರೋ 2011ರಲ್ಲಿ ಮಾಡಿದ ವಿಂಗಡಣೆಯಂತೆ ಹಲ್ಲುಗಳ ಸಂದಿನಲ್ಲಿ ಹಿಡಿತ ಕಳೆದಿಲ್ಲದಿದ್ದರೆ ಬೇರು ಪೂರ್ತಿ ಮುಚ್ಚುವ ಭರವಸೆ ಇಟ್ಟುಕೊಳ್ಳಬಹುದು. ಸಂದಿನ ನಷ್ಟ ಹೊರಬದಿಯ ನಷ್ಟಕ್ಕಿಂತ ಹೆಚ್ಚಿದ್ದರೆ ಪೂರ್ತಿ ಮುಚ್ಚುತ್ತದೆ ಎಂದು ಮಾತು ಕೊಡಬಾರದು.

ಸುರಂಗ ವಿಧಾನದಲ್ಲಿ ಸಂದಿನ ವಸಡನ್ನು ಕತ್ತರಿಸುವುದಿಲ್ಲ. ಪ್ರತಿ ಹಲ್ಲಿನ ವಸಡಿನ ಬಿರುಕಿನಿಂದ ಬಾಗಿದ ಸಣ್ಣ ಉಪಕರಣ ತೂರಿಸಿ, ಒಳಗೊಳಗೇ ಬಿಡಿಸುತ್ತ, ಪಕ್ಕಪಕ್ಕದ ಹಲ್ಲುಗಳ ಜಾಗವನ್ನು ಸೇರಿಸಿ ಒಂದು ಸುರಂಗ ಮಾಡುತ್ತೇವೆ. ಅದರೊಳಕ್ಕೆ ಅಂಗುಳದಿಂದ ತೆಗೆದ 1ರಿಂದ 1.5 ಮಿ.ಮೀ. ದಪ್ಪದ ಅಂಗಾಂಶ ಎಳೆದು, ವಸಡನ್ನು ಹಲ್ಲಿನ ಕಿರೀಟದ, ಅಂದರೆ ಹೊರಗೆ ಕಾಣುವ ಭಾಗದ, ಕಡೆಗೆ ಎತ್ತಿ, ಹಲ್ಲುಗಳ ಸಂಪರ್ಕದಲ್ಲಿ ಅಂಟಿಸಿದ ಕಾಂಪೋಸಿಟ್‌ಗೆ ದಾರ ನೇತುಹಾಕುತ್ತೇವೆ. ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಗಟ್ಟಿ ವಸಡು ಮುಗಿದು ಕೆನ್ನೆಯ ಸಡಿಲ ಪದರ ಶುರುವಾಗುವ ಗೆರೆಯಲ್ಲಿ ಉಪಕರಣ ತೂತು ಮಾಡುತ್ತದೆ. ಆ ಗೆರೆಯವರೆಗೆ ಮೂಳೆಗೆ ತಾಗಿಸಿಕೊಂಡು ಹೋಗಿ, ಅದರಾಚೆ ಸ್ನಾಯುವಿನ ಎಳೆಗಳನ್ನು ಬಿಡಿಸಬೇಕು. ಬಿಡಿಸಿದ್ದು ಸಾಕೇ ಎಂದು ತಿಳಿಯಲು ತುಟಿ ಎಳೆದು ನೋಡಿ. ವಸಡಿನಂಚು ಜೊತೆಗೆ ಎಳೆದುಕೊಂಡು ಬಂದರೆ ಇನ್ನೂ ಕೆಲಸ ಬಾಕಿ.

ಅಂಗುಳದಿಂದ ಒಂದೇ ಕೊಯ್ತದಲ್ಲಿ, ಮೇಲ್ಪದರ ಉಳಿಸಿ ಒಳಗಿನ ಪದರ ಮಾತ್ರ ತೆಗೆಯಬಹುದು. ಮುಂದವಡೆ ಹಲ್ಲುಗಳ ಪಕ್ಕ ಸುರಕ್ಷಿತ ಜಾಗ. ಅಂಗುಳ ಚಪ್ಪಟೆಯಾಗಿದ್ದರೆ ದೊಡ್ಡ ರಕ್ತನಾಳ ಹಲ್ಲಿನ ಕತ್ತಿನಿಂದ ಸುಮಾರು 7 ಮಿ.ಮೀ. ದೂರದಲ್ಲೇ ಇರುತ್ತದೆ, ಮಧ್ಯಮ ಎತ್ತರದ ಅಂಗುಳದಲ್ಲಿ 12, ಎತ್ತರದ ಅಂಗುಳದಲ್ಲಿ 17. ಚಪ್ಪಟೆ ಅಂಗುಳದವರಲ್ಲಿ ಅಗಲದ ತುಂಡಿನ ಆಸೆ ಬೇಡ.

ಸೂಕ್ಷ್ಮ ಕೈಗೆಲಸದ ಫಲವನ್ನು 2005ರಲ್ಲಿ ಬುರ್ಕ್‌ಹಾರ್ಟ್ ಮತ್ತು ಲಾಂಗ್ ಅಳೆದೇ ತೋರಿಸಿದರು. ಒಬ್ಬರದೇ ಬಾಯಿಯ ಎಡ-ಬಲ ಕೋರೆಹಲ್ಲುಗಳಲ್ಲಿ ಒಂದಕ್ಕೆ ಮೈಕ್ರೋಸ್ಕೋಪ್ ವಿಧಾನ, ಇನ್ನೊಂದಕ್ಕೆ ಸಾಮಾನ್ಯ ವಿಧಾನ. ಏಳನೆಯ ದಿನ ರಕ್ತಸಂಚಾರ ಮರಳಿದ್ದು ಮೈಕ್ರೋಸ್ಕೋಪ್ ಬದಿಯಲ್ಲಿ ಶೇ. 84.8, ಇನ್ನೊಂದು ಬದಿಯಲ್ಲಿ ಶೇ. 64. ಅದೇ ಕಸಿ, ಅದೇ ಬಾಯಿ. ಬದಲಾದದ್ದು ಕೊಯ್ತ ಮತ್ತು ಹೊಲಿಗೆಯ ನಯ.

ಲೇಸರ್ ಮತ್ತು ಪಿಆರ್‌ಎಫ್

ಲೇಸರ್ ಬಗ್ಗೆ ಸಭೆಯಿಂದ ಯಾವಾಗಲೂ ಪ್ರಶ್ನೆ ಬರುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿರುವುದು 810, 940, 980 ನ್ಯಾನೋಮೀಟರ್‌ನ ಡಯೋಡ್ ಲೇಸರ್. ಮೆತ್ತನೆಯ ವಸಡು ಕತ್ತರಿಸಲು, ರಕ್ತ ನಿಲ್ಲಿಸಲು ಅದು ಒಳ್ಳೆಯದೇ. ಅದು ಕಲ್ಲು ತೆಗೆಯುವುದಿಲ್ಲ. ತುದಿಯನ್ನು ಒಂದೇ ಕಡೆ ನಿಲ್ಲಿಸಿದರೆ ಶಾಖ ಬೇರಿಗೂ ಮೂಳೆಗೂ ಇಳಿಯುತ್ತದೆ. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಬಳಸುವ ಲ್ಯಾನಾಪ್ ಎಂಬ ಬೇರೆಯೇ ಕ್ರಮವಿದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಬಳಕೆಗೆ ಅನುಮತಿ ಕೊಟ್ಟಿದೆ. ಡಯೋಡ್‌ಗೆ ಆ ಹೆಸರಿನ ಆಧಾರ ಕೊಡುವುದು ತಪ್ಪು. 2020ರ ಮಾರ್ಗಸೂಚಿ ಪಾಕೆಟ್ ಶುಚಿಯ ಜೊತೆಗೆ ಲೇಸರ್ ಸೇರಿಸಬೇಡಿ ಎಂದೇ ಸಲಹೆ ಮಾಡುತ್ತದೆ. ಕೊಯ್ತವಿಲ್ಲದೆ ಲೇಸರ್‌ನಿಂದ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಬೇರಿನ ಮೇಲಿನ ಕಲ್ಲನ್ನು ಯಾವುದರಿಂದ ತೆಗೆಯುತ್ತೀರಿ ಎಂದು ಕೇಳಿ.

ಪಿಆರ್‌ಎಫ್ ಅಗ್ಗ, ರೋಗಿಯದೇ ರಕ್ತ, ಹಾಗಾಗಿ ನಮ್ಮ ಕಾಲೇಜುಗಳಲ್ಲಿ ಬಹಳ ಜನಪ್ರಿಯ. ಹೆಪ್ಪು ತಡೆಯುವ ರಾಸಾಯನಿಕವಿಲ್ಲದ ಗಾಜಿನ ಟ್ಯೂಬಿಗೆ 10 ಮಿ.ಲೀ. ರಕ್ತ ಎಳೆದು ನಿಮಿಷಕ್ಕೆ 2,700 ಸುತ್ತಿನಲ್ಲಿ 12 ನಿಮಿಷ ತಿರುಗಿಸುವುದು ಪ್ರಚಲಿತ ಕ್ರಮ. ಆದರೆ ಸುತ್ತಿನ ಸಂಖ್ಯೆಯೊಂದೇ ಸಾಲದು. ತಿರುಗಣೆಯ ತ್ರಿಜ್ಯ 5 ಸೆಂ.ಮೀ. ಇದ್ದರೆ 2,700 ಸುತ್ತಿಗೆ ಬಲ ಸುಮಾರು 408 ಜಿ (ಭೂಮಿಯ ಗುರುತ್ವದ 408 ಪಟ್ಟು), 8 ಸೆಂ.ಮೀ. ಇದ್ದರೆ 652 ಜಿ. ಒಂದೇ ಅಂಕಿ ಒತ್ತಿದರೂ ಬೇರೆ ಬೇರೆ ಯಂತ್ರದಲ್ಲಿ ಬೇರೆ ಬೇರೆ ಗಟ್ಟಿತನದ ಹೆಪ್ಪು ಬರುವುದು ಇದರಿಂದ. ನಿಮ್ಮ ಯಂತ್ರದ ತ್ರಿಜ್ಯ ಅಳೆದು ಬರೆದಿಡಿ. ರಕ್ತ ಎಳೆದ ಮೇಲೆ ಒಂದೆರಡು ನಿಮಿಷ ತಡವಾದರೂ ಟ್ಯೂಬಿನಲ್ಲೇ ಅಡ್ಡಾದಿಡ್ಡಿ ಹೆಪ್ಪುಗಟ್ಟಿ ಕೆಲಸಕ್ಕೆ ಬಾರದು, ಆದ್ದರಿಂದ ಯಂತ್ರ ಕುರ್ಚಿಯ ಪಕ್ಕದಲ್ಲೇ ಇರಲಿ.

ಮನೆಗೆ ಹೋದ ಮೇಲೆ

ಇದು ರೋಗಿಗಳಿಗೆ. ಮೊದಲ ದಿನ ಜೋರಾಗಿ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಕನ್ನಡಿ ಮುಂದೆ ತುಟಿ ಎತ್ತಿ ಹೊಲಿಗೆ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಆ ಎಳೆತವೇ ಹೆಪ್ಪನ್ನು ಕದಲಿಸುತ್ತದೆ. ತಣಿದ ಗಂಜಿ, ಮೊಸರನ್ನ, ರಾಗಿ ಅಂಬಲಿ, ಮೆತ್ತಗಿನ ಇಡ್ಲಿ ತಿನ್ನಿ, ಇನ್ನೊಂದು ಬದಿಯಲ್ಲಿ ಅಗಿಯಿರಿ. ಚಕ್ಕುಲಿ, ನಿಪ್ಪಟ್ಟು, ಮಂಡಕ್ಕಿ ಬೇಡ. ಮೊಸರನ್ನಕ್ಕೆ ಸಾಸಿವೆ ಒಗ್ಗರಣೆಯೂ ಬೇಡ, ಕಾಳು ಕೊಯ್ತದೊಳಗೆ ಕೂರುತ್ತದೆ. ಎಲೆ ಅಡಿಕೆ, ಸುಣ್ಣ, ತಂಬಾಕು ಪೂರ್ತಿ ಬಂದ್.

ಶಸ್ತ್ರಚಿಕಿತ್ಸೆಯಾದ ಜಾಗದಲ್ಲಿ ಬ್ರಶ್ ಆಡಿಸಬಾರದು, ಉಳಿದ ಕಡೆ ಎಂದಿನಂತೆ ಉಜ್ಜಬೇಕು. ಕ್ಲೋರ್‌ಹೆಕ್ಸಿಡಿನ್ 0.2 ಶೇಕಡಾ ದ್ರವ 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ, ಎರಡನೆಯ ದಿನದಿಂದ ಬಾಯಲ್ಲಿ ಮೆಲ್ಲಗೆ ಹೊರಳಾಡಿಸಿ ಹೊರಕ್ಕೆ ಬಿಡಿ. ಟೂತ್‌ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ಕುಂದಿಸುತ್ತದೆ, ಎರಡರ ನಡುವೆ ಅರ್ಧ ಗಂಟೆ ಅಂತರವಿರಲಿ. ಕಾಫಿ, ಚಹಾ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕ್ಲಿನಿಕ್‌ನಲ್ಲಿ ಪಾಲಿಶ್ ಮಾಡಿದರೆ ಹೋಗುತ್ತದೆ. ಆ್ಯಂಟಿಬಯೋಟಿಕ್ ಎಲ್ಲರಿಗೂ ಬೇಕಿಲ್ಲ. ವೈದ್ಯರು ಬರೆದುಕೊಟ್ಟರೆ ಮಾತ್ರ. ಹೊಲಿಗೆ ಒಂದು ವಾರಕ್ಕೆ ತೆಗೆಯುತ್ತಾರೆ, ಸುರಂಗ ವಿಧಾನದಲ್ಲಿ ಎರಡು ವಾರಕ್ಕೆ. ಮೊದಲ ತಿಂಗಳು ವಾರಕ್ಕೊಮ್ಮೆ ಬಂದು ಆ ಜಾಗ ಶುಚಿ ಮಾಡಿಸಿಕೊಳ್ಳಿ. ಆಮೇಲೆ ಮೆತ್ತನೆಯ ಬ್ರಶ್, ಮತ್ತೂ ಸ್ವಲ್ಪ ತಡೆದು ಸಂದಿನ ಬ್ರಶ್.

ಮೂರನೆಯ ದಿನ ಕಡಿಮೆಯಾಗಿದ್ದ ನೋವು ಮತ್ತೆ ಏರಿದರೆ, ಸಂದಿನ ವಸಡು ಬೂದುಬಣ್ಣಕ್ಕೆ ತಿರುಗಿ ಸೀಳಿದಂತೆ ಕಂಡರೆ, ರಕ್ತ ನಿಲ್ಲದಿದ್ದರೆ ಫೋನ್ ಮಾಡಿ, ಅದೇ ದಿನ ಬನ್ನಿ. ಸಣ್ಣ ಬಿರುಕಾದರೆ ಮರುಹೊಲಿಗೆ ಬೇಡ. ಶುಚಿಯಾಗಿಟ್ಟು, ವಾರಕ್ಕೆರಡು ಸಲ ನೋಡಿದರೆ ಅದಾಗಿಯೇ ಕೂಡಿಕೊಳ್ಳುತ್ತದೆ, ಒಳಗಿನ ಲಾಭ ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ.

ವೈದ್ಯರಿಗೆ ಉಳಿದದ್ದು ಒಂದು ವಿಷಯ. ಗುಳಿ ತುಂಬಿತೇ ಎಂದು ತಿಳಿಯುವ ಕುತೂಹಲಕ್ಕೆ ಮೊದಲ ಆರು ತಿಂಗಳು ಅಲ್ಲಿಗೆ ಪ್ರೋಬ್ ಇಳಿಸಬೇಡಿ. ಹೊಸ ನಾರು ಇನ್ನೂ ಎಳೆಯದು, ಪ್ರೋಬ್ ಅದನ್ನು ಹರಿಯುತ್ತದೆ. ಸಾಧ್ಯವಾದರೆ ವರ್ಷದವರೆಗೆ ಕಾಯಿರಿ. ಮೂರು ತಿಂಗಳಿಗೊಮ್ಮೆ ಕರೆದು ಮೇಲ್ಭಾಗದ ಪಾಚಿ ಮಾತ್ರ ತೆಗೆಯಿರಿ. ವರ್ಷ ತುಂಬಿದಾಗ ಅದೇ ಹೋಲ್ಡರ್, ಅದೇ ಕೋನದಲ್ಲಿ ಎಕ್ಸ್‌ರೇ ತೆಗೆದು, ಅದೇ ಆರು ಕಡೆ 25 ಗ್ರಾಂ ಒತ್ತಡದಲ್ಲಿ ಅಳೆದು, ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಪಾಕೆಟ್ 4 ಮಿ.ಮೀ. ಅಥವಾ ಕಡಿಮೆ, ರಕ್ತವಿಲ್ಲ ಎಂದಾದರೆ ಆ ಹಲ್ಲಿಗೆ ಉಳಿದ ಹಲ್ಲುಗಳಂತೆಯೇ ಆರೈಕೆ. 6 ಮಿ.ಮೀ. ಉಳಿದು ರಕ್ತ ಬರುತ್ತಿದ್ದರೆ ಮೊದಲು ಹುಡುಕಬೇಕಾದದ್ದು ಬೇರಿನ ಅಂಗುಳದ ಕಡೆಯ ಆ ಮೂಲೆಯಲ್ಲಿ ಉಳಿದಿರಬಹುದಾದ ಕಲ್ಲನ್ನು.